ಮೊಮ್ಮಗನ ತಲೆ ಒತ್ತಿದ ದಿನಗಳು

ಬಾಣಂತನಕ್ಕೆ ಬಂದ ಮಗಳ ಕೂಸಿಗೆ ಮೊದಲ ಸಲ ನೀರೆರೆಯುವಾಗಲೇ ನನ್ನ ಕೈಗೆ ತಿಳಿದಿತ್ತು. ತಲೆ ಹಿಂದಕ್ಕೆ ಉದ್ದ, ನಡುನೆತ್ತಿಯ ಮೇಲೆ ಗಟ್ಟಿಯಾದ ಒಂದು ಏಣು. ಮಾವಿಗೆ ಹೆಸರಾದ ನಮ್ಮ ಶ್ರೀನಿವಾಸಪುರದಲ್ಲಿ ಅಂಥ ತಲೆಗೆ ಹೆಸರಿಡಲು ಯಾರೂ ಯೋಚಿಸಬೇಕಾಗಿಲ್ಲ.

"ತೋತಾಪುರಿ ಬಂದೈತಲ್ಲೇ ನಿಮ್ಮನೆಗೆ!" ಎಂದು ನಕ್ಕ ಪಕ್ಕದ ಮನೆಯ ಅಜ್ಜಿ, ನನ್ನ ಮುಖ ಸಣ್ಣದಾದದ್ದು ನೋಡಿ, "ಏಂ ಕಾದಮ್ಮಾ, ಏನೂ ಆಗಲ್ಲ, ಹೆರಿಗೇಲಿ ಅದುಮಿರ್ತದೆ. ದಿನಾ ಒತ್ತು, ಗುಂಡಗಾಗ್ತದೆ" ಅಂದರು.

ಒತ್ತಿದೆ. ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ, ಹಣೆಗೊಂದು ಅಂಗೈ, ಹಿಂದಲೆಗೊಂದು ಅಂಗೈ. ರಾಗಿ ತುಂಬಿದ ಪುಟ್ಟ ದಿಂಬನ್ನೂ ಹೊಲಿದೆ. ಮಗಳ ತಲೆಯನ್ನೂ ಹೀಗೇ ತಿದ್ದಿದ್ದೆನೆಂಬ ಧೈರ್ಯ.

"ಅಮ್ಮಾ, ಡಾಕ್ಟ್ರಿಗೆ ತೋರಿಸೋಣ" ಎಂದಳು ಅವಳು, ತಿಂಗಳು ತುಂಬುವ ಮೊದಲೇ.

"ಸುಮ್ನಿರೇ, ಇದು ಮಾಮೂಲಿ, ಸರಿಹೋಗ್ತದೆ. ನೀನಿನ್ನೂ ಹಸಿ ಬಾಣಂತಿ" ಎಂದು ಬಾಯಿ ಮುಚ್ಚಿಸಿದೆ.

ಮೊದಲೆರಡು ಸಲ ಚುಚ್ಚುಮದ್ದಿಗೆ ಹೋದಾಗ, ಗಾಳಿ ಹೊಕ್ಕೀತೆಂದು ಕುಲಾವಿ ಬಿಚ್ಚಲು ಬಿಟ್ಟಿರಲಿಲ್ಲ. ಮೂರೂವರೆ ತಿಂಗಳಿಗೆ ಹೋದಾಗ ನರ್ಸಮ್ಮ ತಾವೇ ಬಿಚ್ಚಿ ನೆತ್ತಿ ತಡವಿದರು. ಟೇಪು ಸುತ್ತಿ ಅಳೆದರು. ಮತ್ತೊಮ್ಮೆ ಅಳೆದರು. ಕೋಲಾರಕ್ಕೆ ಚೀಟಿ ಬರೆದರು. ಕೋಲಾರದವರು ಬೆಂಗಳೂರಿಗೆ ಬರೆದರು.

ಬೆಂಗಳೂರಿನ ಡಾಕ್ಟರು ಸ್ಕ್ಯಾನ್ ತೋರಿಸಿದರು. ತಲೆಬುರುಡೆಯ ಮೂಳೆಗಳ ನಡುವಿನ ಸಂದು ಅವಧಿಗೆ ಮೊದಲೇ ಬೆಸೆದುಕೊಂಡಿದೆ, ಮೆದುಳು ಬೆಳೆಯಲು ಅಡ್ಡಿಯಾಗಬಹುದು, ಆಪರೇಷನ್ ಮಾಡಿ ಬಿಡಿಸಬೇಕು.

"ನಾನು ಒತ್ತಿದ್ದಕ್ಕೆ ಕೂಡ್ಕೊಂಡ್ತಾ ಸಾರ್?"

"ಇಲ್ಲಮ್ಮ, ಹೊಟ್ಟೇಲಿದ್ದಾಗ್ಲೇ ಕೂಡಿದೆ. ಒತ್ತೋದ್ರಿಂದ ಬರೋದೂ ಇಲ್ಲ, ಹೋಗೋದೂ ಇಲ್ಲ."

ಮಗಳು ನನ್ನ ಕಡೆ ನೋಡಲಿಲ್ಲ. ಅಂದಿನಿಂದ ಕೂಸನ್ನು ನನ್ನ ಕೈಗೆ ಕೊಡಲೂ ಇಲ್ಲ.

ಆಪರೇಷನ್ ದಿನ ಬೆಳಿಗ್ಗೆ ಒಳಗೆ ಒಯ್ದವರು ಊಟದ ಹೊತ್ತು ಮೀರಿದರೂ ಹೊರಗೆ ತರಲಿಲ್ಲ. ಅಳಿಯ ರಕ್ತದ ಚೀಟಿ ಹಿಡಿದು ಮೆಟ್ಟಿಲು ಹತ್ತಿ ಇಳಿದ. ಬಾಗಿಲು ಅಲುಗಿದಾಗಲೆಲ್ಲ ನಾನು ಎದ್ದು ನಿಂತೆ. ಕೊನೆಗೆ ತಂದಾಗ ತಲೆತುಂಬ ಬ್ಯಾಂಡೇಜು. ಮಾರನೆಯ ದಿನ ಮುಖ ಊದಿ ಎರಡೂ ಕಣ್ಣು ಮುಚ್ಚಿಹೋದವು.

"ಇದು ಮಾಮೂಲಿ, ಇಳಿಯುತ್ತೆ" ಎಂದರು ಡಾಕ್ಟರು. ಮೂರು ತಿಂಗಳು ನಾನೂ ಇದೇ ಮಾತು ಹೇಳಿದವಳು. ನಂಬಲು ಧೈರ್ಯ ಬರಲಿಲ್ಲ.

ನಾಲ್ಕನೆಯ ದಿನ ಒಂದು ಕಣ್ಣು ಎಳ್ಳಷ್ಟು ತೆರೆಯಿತು. ಅಲ್ಲಿಯವರೆಗೆ ಸರಿಯಾಗಿ ಉಣ್ಣದಿದ್ದ ಮಗಳು, ಕೂಸನ್ನು ನನ್ನ ಕಡೆ ಚಾಚಿ, "ಹಿಡ್ಕೊ, ಉಂಡು ಬರ್ತೀನಿ" ಎಂದಳು. ಮಡಿಲಿಗೆ ತೆಗೆದುಕೊಂಡೆ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

"ಅಲ್ಲಲ್ಲ, ಇಲ್ಲಿ" ಎಂದು ನನ್ನ ಬೆರಳುಗಳನ್ನು ಹಿಡಿದು ಕೂಸಿನ ಕತ್ತಿನ ಕೆಳಗೆ ಅವಳೇ ಕೂಡಿಸಿದಳು.

ಅವಳು ಉಂಡು ಬರುವವರೆಗೆ ಆ ಬೆರಳುಗಳನ್ನು ನಾನು ಅಲುಗಿಸಲಿಲ್ಲ.