ಕಿಟಕಿಯ ಪಿಂಗಾಣಿ ನಾಯಿಗಳು

ರೌಮಾ ಬಂದರಿನ ಹಳೇ ಕೇರಿಯಲ್ಲಿ ಟೌನೊನ ಮರದ ಮನೆ. ಆಯುಷ್ಯವೆಲ್ಲ ಹಡಗಿನ ಇಂಜಿನ್ ಜೊತೆ ಗುದ್ದಾಡಿ ನಿವೃತ್ತನಾದವನಿಗೆ ಮೂಗಿನ ತುದಿಯಲ್ಲೇ ಕೋಪ. ಬೇಸಿಗೆಯಲ್ಲಂತೂ ಪ್ರವಾಸಿಗರು ಕಿಟಕಿಗೇ ಮುಖವಿಟ್ಟು ಇಣುಕುತ್ತಿದ್ದರು; ಇವನು ಕಾಫಿ ಹಿಡಿದುಕೊಂಡು ಹಲ್ಲು ಕಡಿಯುತ್ತಿದ್ದ.

ಅಂದು ಹೊರಗಿನಿಂದ ಗೈಡ್ ಹುಡುಗಿಯ ಮಾತು ಕಿವಿಗೆ ಬಿತ್ತು.

"ಆ ಪಿಂಗಾಣಿ ನಾಯಿಗಳನ್ನ ನೋಡಿ. ಯಜಮಾನ ಸಮುದ್ರದಲ್ಲಿದ್ರೆ ಅವುಗಳ ಮುಖ ಹೊರಕ್ಕೆ, ಮನೆಗೆ ಬಂದ್ರೆ ಒಳಕ್ಕೆ ತಿರುಗಿಸ್ತಾರೆ. ಈ ಮನೆಯವನು ವರ್ಷಗಳಿಂದ ಬಂದೇ ಇಲ್ಲ. ಪಾಪ, ಮುಳುಗಿಹೋಗಿರ್ಬೇಕು."

ಟೌನೊ ಕಾಲುಚೀಲದಲ್ಲೇ ಬೀದಿಗೆ ನುಗ್ಗಿದ. "ಯಾರಮ್ಮ ಮುಳುಗಿದ್ದು? ಕಣ್ಣು ಕಾಣಲ್ವಾ ನಿನಗೆ? ಗುಂಡುಕಲ್ಲಿನ ಹಾಗೆ ಒಳಗೇ ಇದ್ದೀನಿ!"

ಹುಡುಗಿ ಬೆದರಲಿಲ್ಲ. "ಹಾಗಾದ್ರೆ ನಾಯಿಗಳು ಯಾಕೆ ಹೊರಗೆ ನೋಡ್ತಿವೆ, ಅಜ್ಜಾ?"

ಪ್ರವಾಸಿಗರು ಅವನದೇ ಫೋಟೊ ತೆಗೆದರು. ಅವನು ಬಾಗಿಲು ಬಡಿದು ಒಳಬಂದ. ನಾಯಿಗಳು ಇಷ್ಟು ದಿನ ತನಗೆ ಬೆನ್ನು ಮಾಡಿ ಕೂತಿದ್ದುದು ಆಗಷ್ಟೇ ಕಣ್ಣಿಗೆ ಬಿತ್ತು. ಹೆಂಡತಿ ಹಿಲ್ಕಾ ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದಳು.

"ಲೇ, ಆ ದರಿದ್ರ ನಾಯಿಗಳನ್ನ ತಿರುಗಿಸೋದು ಮರೆತೇಹೋಯ್ತಾ? ಊರೆಲ್ಲಾ ನನ್ನ ತಿಥಿ ಮಾಡ್ತಿದೆ!"

ಹಿಲ್ಕಾ ಚಾಕು ಕೆಳಗಿಟ್ಟಳು.

"ಮರೆತಿಲ್ಲ. ಮುಂಚೆ ರಜಕ್ಕೆ ಬಂದಾಗೆಲ್ಲ ಬಾಗಿಲಲ್ಲೇ ನನ್ನ ಹೆಸರು ಹಿಡಿದು ಕೂಗ್ತಿದ್ರಿ. ಆ ಕೂಗು ಕೇಳಿದ್ಮೇಲೇ ನಾನು ನಾಯಿ ತಿರುಗಿಸ್ತಿದ್ದಿದ್ದು. ನಿವೃತ್ತಿ ಆದಾಗಿಂದ ಈ ಮನೇಲಿ ಬೈಗುಳ ಬಿಟ್ರೆ ಇನ್ನೊಂದು ಮಾತು ಕೇಳಿಲ್ಲ. ನನ್ನ ಗಂಡ ಇನ್ನೂ ಬಂದಿಲ್ಲ ರೀ."