ಅರ್ಧ ಊಟಕ್ಕೆ ಎದ್ದವನ ಎಡೆ

ಕೃಷ್ಣಮ್ಮನಿಗೆ ಸಿಟ್ಟು ಬರುವುದಕ್ಕೆ ಕಾರಣವೇ ಬೇಕಿಲ್ಲ ಎಂದು ಪಟ್ಟಂದೂರು ಅಗ್ರಹಾರದ ಅವಳ ಬಾಡಿಗೆದಾರರು ಹೇಳುತ್ತಾರೆ. ಶುದ್ಧ ಸುಳ್ಳು. ಕಾರಣವಿಲ್ಲದೆ ಆಕೆ ಯಾರನ್ನೂ ಬೈದವಳಲ್ಲ. ಕಾರಣಗಳು ಜಾಸ್ತಿ, ಅಷ್ಟೇ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟರೆ ಒಂದು, ನಲ್ಲಿ ತಿರುಗಿಸದೆ ಹೋದರೆ ಒಂದು, ಸಿಂಕಿಗೆ ಅನ್ನ ಸುರಿದರಂತೂ ಏಳೇಳು ಜನ್ಮಕ್ಕಾಗುವಷ್ಟು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕಂತಸ್ತಿನ ವಠಾರ ಎದ್ದಿದೆ. ಐಟಿ ಪಾರ್ಕಿನ ಗೇಟು ಕಾಯುವ ಒಡಿಶಾದವರು, ಗಾರೆ ಕೆಲಸದ ರಾಯಚೂರಿನವರು ರೂಮು ರೂಮಿಗೂ ತುಂಬಿದ್ದಾರೆ. ಅವರನ್ನು ಬೈಯುವುದಕ್ಕೆಂದೇ ಆಕೆ ಹಿಂದಿ ಕಲಿತಳು. "ಪಾನಿ ಬಂದ್ ಕರೋ!" ಎಂದು ಶುರುವಾದ ಆ ಹಿಂದಿಯಲ್ಲಿ ಇವತ್ತಿಗೂ ಬರೀ ಅಪ್ಪಣೆಗಳೇ ಇವೆ.

ಆದರೆ ಆಕೆಯ ದೊಡ್ಡ ಸಿಟ್ಟು ಸತ್ತುಹೋದ ಗಂಡ ಹನುಮಂತರಾಯಪ್ಪನ ಮೇಲೆ. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಆತ ಊಟಕ್ಕೆ ಕೂತಿದ್ದ. ಮುದ್ದೆ ಮುರಿದು ಎರಡು ತುತ್ತು ನುಂಗಿರಲಿಲ್ಲ, ಮೇಲಿನಿಂದ ಯಾರೋ ನೀರು ಬರ್ತಿಲ್ಲ ಎಂದು ಕೂಗಿದರು.

"ಉಂಡ್ಬುಟ್ಟು ಓಗಿ. ನೀರೇನು ಓಡೋಯ್ತದಾ?" ಎಂದಳು ಕೃಷ್ಣಮ್ಮ.

"ಬಂದೆ ಇರು," ಎಂದು ಎಂಜಲು ಕೈಯಲ್ಲೇ ಎದ್ದುಹೋದ. ಮೋಟರಿನ ಸ್ವಿಚ್ ಮುಟ್ಟುವ ಮೊದಲೇ ಎದೆ ಹಿಡಿದುಕೊಂಡು ಸಂಪಿನ ಪಕ್ಕ ಕುಸಿದ. ಆಸ್ಪತ್ರೆಯವರೆಗೂ ಜೀವ ತಡೆಯಲಿಲ್ಲ. ಮನೆಗೆ ಹೆಣ ಬಂದಾಗ ತಟ್ಟೆಯಲ್ಲಿ ಮುಕ್ಕಾಲು ಮುದ್ದೆ ಹಾಗೇ ಒಣಗಿತ್ತು. ಸಾವು ಎಲ್ಲರಿಗೂ ಬರುತ್ತದೆ, ಅದನ್ನು ಆಕೆ ಒಪ್ಪುತ್ತಾಳೆ. ಹಸಿದ ಹೊಟ್ಟೆಯಲ್ಲಿ ಹೋದನಲ್ಲ, ಅದನ್ನು ಮಾತ್ರ ಒಪ್ಪಲಿಲ್ಲ.

ಅವರ ಮನೆತನದಲ್ಲಿ ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಿಸಿಬಿಸಿಯಾಗಿ ಎಲೆಗೆ ಬಡಿಸಿ, ಮನೆಮಂದಿಯೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಹನುಮಂತರಾಯಪ್ಪನಿಗೆ ಇದು ಮೊದಲ ವರ್ಷದ ಎಡೆ. ಅವತ್ತಿನ ಅರೆಹೊಟ್ಟೆ ಈ ಎಲೆಯಲ್ಲಿ ತುಂಬಬೇಕು, ಇಲ್ಲದಿದ್ದರೆ ಅವನು ಹಸಿದುಕೊಂಡೇ ಅಲೆಯುತ್ತಾನೆ ಎಂಬುದು ಆಕೆಯ ನಂಬಿಕೆ.

ಅಷ್ಟರಲ್ಲಿ ಮಗಳು ಯಮುನಾ ದಸರಾಕ್ಕೆ ಮುಂಚೆಯೇ ಒಂದು ಬ್ಯಾಂಕಾಕ್ ಟೂರ್ ಬುಕ್ ಮಾಡಿದಳು. "ಅಮಾವಾಸ್ಯೆ ಹೊತ್ಗೆ ವಾಪಸ್ ಬಂದಿರ್ತೀವಿ ಕಣಮ್ಮ. ಒಬ್ಳೇ ಕೂತ್ಕೊಂಡು ಏನ್ ಮಾಡ್ತೀಯ?" ಎಂದು ತಾಯಿಯನ್ನೂ ಎಳೆದುಕೊಂಡು ಹೋದಳು. ಹೊರದೇಶದ ಊಟ ಹೊಟ್ಟೆಗೆ ನಿಲ್ಲುವುದಿಲ್ಲವೆಂದು ಕೃಷ್ಣಮ್ಮ ಸೂಟ್‌ಕೇಸಿನಲ್ಲಿ ರಾಗಿಹಿಟ್ಟು ತುಂಬಿಕೊಂಡಳು.

ನಾಳೆ ವಾಪಸ್ ಹೊರಡಬೇಕು ಎನ್ನುವಾಗ ಪಕ್ಕದ ಮನೆಯ ಭಾಗ್ಯಮ್ಮನ ಫೋನು ಬಂತು. "ಇವತ್ತಿನ ಎಡೆಗೆ ನಾಟಿಕೋಳಿ ತರ್ಸಿದ್ದೀನಿ. ನಿಮ್ದು ಎಂಗಕ್ಕ?"

ಅಮಾವಾಸ್ಯೆ ಇವತ್ತೇ! ಯಮುನಾ ಒಂದು ದಿನ ತಪ್ಪಿ ಲೆಕ್ಕ ಹಾಕಿದ್ದಳು.

"ಕ್ಯಾಲೆಂಡರ್ ನೋಡಾಕೂ ಬರಾಕಿಲ್ವೇನೇ ನಿಂಗೆ? ಓದ್ಸಿದ್ದೆಲ್ಲ ಒಳೇಲಿ ಉಣಸೇಅಣ್ಣು ತೊಳ್ದಂಗಾಯ್ತು!" ಎಂದು ಕೃಷ್ಣಮ್ಮ ಹೋಟೆಲಿನ ಲಿಫ್ಟಿನಲ್ಲೇ ಶುರುಮಾಡಿದಳು. ರೂಮಿನಲ್ಲಿ ಒಲೆಯಿಲ್ಲ, ಊದುಬತ್ತಿ ಹಚ್ಚಿದರೆ ಅಲಾರಂ ಕಿರುಚುತ್ತದೆ. ಕೊನೆಗೆ ಯಮುನಾ ಹಿಂದಿನ ಗಲ್ಲಿಯಲ್ಲಿದ್ದ ಒಂದು ಸಣ್ಣ ಇಂಡಿಯನ್ ರೆಸ್ಟೋರೆಂಟಿಗೆ ತಾಯಿಯನ್ನು ಕರೆದುಕೊಂಡು ಹೋಗಿ, ಉತ್ತರದೇಶದ ಮಾಲೀಕನನ್ನು ಅಂಗಲಾಚಿ ಒಂದು ಒಲೆ ಬಿಡಿಸಿಕೊಟ್ಟಳು.

ಕೃಷ್ಣಮ್ಮ ಸೆರಗು ಸಿಕ್ಕಿಸಿ ಅಡುಗೆಮನೆಗೆ ನುಗ್ಗಿದಳು. ಮುದ್ದೆ ಕೋಲು ಸಿಗದೆ ಚಪಾತಿ ಲಟ್ಟಣಿಗೆಯಲ್ಲೇ ಹಿಟ್ಟು ತೊಳಸಿದಳು. ಅವರ ಕೋಳಿ ಸಾರಿನ ರುಚಿ ನೋಡಿ, "ಥೂ, ಪಾಯಸ ಮಾಡವ್ರೆ," ಎಂದು ಖಾರದಪುಡಿ ಸುರಿದು ಕುದಿಸಿದಳು. ಮೂಲೆಯ ಟೇಬಲ್ ಮೇಲೆ ಬಾಳೆಲೆ ಹಾಸಿ, ಮುದ್ದೆ, ಸಾರು ಬಡಿಸಿ, ಪಕ್ಕದಲ್ಲಿ ಊರಿಂದ ಬರುವಾಗ ಬ್ಯಾಗಿನಲ್ಲೇ ಉಳಿದುಹೋಗಿದ್ದ ಗಂಡನ ಬೀಡಿಯನ್ನೂ ಇಟ್ಟಳು. "ಹಮಾರಾ ಆದ್ಮಿ ಆಯೇಗಾ, ಖಾಯೇಗಾ. ಛೂನಾ ನಹೀ!" ಗಂಡ ಬಂದು ಉಣ್ಣುವವರೆಗೆ ಯಾರೂ ಮುಟ್ಟಬಾರದು ಎಂದು ಮಾಲೀಕನಿಗೆ ಅಪ್ಪಣೆ ಕೊಟ್ಟು, ಮಗಳೊಂದಿಗೆ ಹೊರಗೆ ಬಂದು ಗಾಜಿನ ಬಾಗಿಲಿಗೆ ಬೆನ್ನು ಮಾಡಿ ನಿಂತಳು.

ಮಾಲೀಕ ಆ ಆದ್ಮಿಯ ದಾರಿ ನೋಡಿದ. ಯಾರೂ ಬರಲಿಲ್ಲ. ಬೇರೆ ಗಿರಾಕಿಗಳು ಬಂದರು.

ಕೃಷ್ಣಮ್ಮ ಒಳಗೆ ಕಾಲಿಟ್ಟಾಗ ಮೂಲೆಯ ಟೇಬಲ್ ಒರೆಸಿಟ್ಟಿತ್ತು. ಇಬ್ಬರು ಬಿಳಿಯರು ಅಲ್ಲಿ ಕೂತು ಮೆನು ಓದುತ್ತಿದ್ದರು.

"ಅಯ್ಯೋ ನಿನ್ ಕೈ ಸೇದೋಗ! ಎರಡ್ನೇ ಸಲವೂ ಎಬ್ಬಿಸ್ಬುಟ್ಯಲ್ಲೋ ಪಾಪಿ!" ಎಂದು ಕೂಗಿದ ಕೂಗಿಗೆ ಬಿಳಿಯರ ಮೆನು ಕೆಳಗೆ ಬಿತ್ತು. ಯಮುನಾ ಕೈ ಹಿಡಿಯಲು ಬಂದರೆ ಕೊಡವಿ, ಎಡೆ ಹುಡುಕಿಕೊಂಡು ಹಿಂದಿನ ಅಡುಗೆಮನೆಗೆ ನುಗ್ಗಿದಳು. ಕಸದ ಬುಟ್ಟಿಯಲ್ಲಿ ಸಿಕ್ಕರೆ ಈ ಅಂಗಡಿಯನ್ನು ಉಳಿಸುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು.

ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ತಲೆ ನರೆತ ಗಂಡಸೊಬ್ಬ ಎಣ್ಣೆ ಡಬ್ಬ ಬೋರಲು ಹಾಕಿ ಕೂತಿದ್ದ. ತೊಡೆಯ ಮೇಲೆ ಆ ಬಾಳೆಲೆ. ಮುದ್ದೆ ಮುರಿದು ಬಾಯಿಗಿಟ್ಟುಕೊಂಡು, ಪಾಪ, ಕಷ್ಟಪಟ್ಟು ಜಗಿಯುತ್ತಿದ್ದ. ಕೃಷ್ಣಮ್ಮನನ್ನು ಕಂಡು ಅವನ ಕೈ ನಿಂತಿತು.

"ಭೂಖ್ ಲಗೀ ಥೀ, ಮಾಯಿ," ಎಂದ, ಹಸಿವಾಗಿತ್ತಂತೆ. ಆ ಹಿಂದಿಯ ಎಳೆತ ಆಕೆಗೆ ಗೊತ್ತು, ಒಡಿಶಾದ್ದು. ಅವಳ ವಠಾರದಲ್ಲಿ ದಿನಾ ಕೇಳುವುದು.

ಹಿಂದೆಯೇ ಓಡಿಬಂದ ಮಾಲೀಕ ಅವನ ಮೇಲೆ ಹರಿಹಾಯ್ದ. "ಚೋರ್! ಉಠ್! ಅಂಗಡಿ ಮುಚ್ಚೋವರೆಗೂ ಊಟ ಇಲ್ಲ ಅಂತ ಎಷ್ಟು ಸಲ ಹೇಳ್ಬೇಕು?" ಎಂದು ಹಿಂದಿಯಲ್ಲಿ ಗದರಿ ಎಲೆಗೆ ಕೈ ಹಾಕಿದ. ಪಾತ್ರೆಯವನು ಎಂಜಲು ಕೈಯಲ್ಲೇ ಅರ್ಧ ಎದ್ದ.

"ಬೈಠೋ!"

ಕೃಷ್ಣಮ್ಮನ ಈ ಅಪ್ಪಣೆಗೆ ಪಟ್ಟಂದೂರಿನಲ್ಲಿ ನಾಲ್ಕಂತಸ್ತೂ ನಡುಗುತ್ತದೆ. ಪಾತ್ರೆಯವನು ಧೊಪ್ಪನೆ ಕೂತ. ಆಕೆ ಒಲೆಯ ಪಕ್ಕದಿಂದ ಲಟ್ಟಣಿಗೆ ಎತ್ತಿಕೊಂಡು ಮಾಲೀಕನಿಗೆ ಅಡ್ಡ ನಿಂತಳು.

"ಉಣ್ಣಾಕೆ ಕೂತ ನಾಯಿನೂ ಎಬ್ಬಿಸ್ಬಾರ್ದು ಕಣಯ್ಯ! ಅನ್ನದ ಅಂಗಡಿ ಇಟ್ಕೊಂಡು ಒಟ್ಟೆಗಿಲ್ದಂಗೆ ದುಡುಸ್ತೀಯಾ? ನಾಚ್ಕೆ ಆಗಾಕಿಲ್ವಾ ನಿನ್ ಮುಖಕ್ಕೆ?"

ಕನ್ನಡ ಬಾರದಿದ್ದರೂ ಮಾಲೀಕನಿಗೆ ಪೂರ್ತಿ ಅರ್ಥವಾಯಿತು. ಲಟ್ಟಣಿಗೆ ನೋಡಿಕೊಂಡು ಹಿಂದೆ ಸರಿದ.

"ಅಮ್ಮ," ಎಂದು ಯಮುನಾ ಮೆಲ್ಲಗೆ ಕರೆದಳು. "ಅದು ಅಪ್ಪನ ಎಡೆ."

"ಗೊತ್ತು ಕಣೇ. ತಿರುಗ್ಕೋ ಈ ಕಡೆ. ನೋಡ್ಬಾರ್ದು."

ತಾಯಿ ಮಗಳು ಇಬ್ಬರೂ ಅವನಿಗೆ ಬೆನ್ನು ಮಾಡಿ ಬಾಗಿಲಿಗೆ ಅಡ್ಡ ನಿಂತರು. "ಜಗೀಬೇಡ, ನುಂಗು!" ಎಂದು ಕೃಷ್ಣಮ್ಮ ತಿರುಗದೆಯೇ ಗದರಿದಳು. "ಉಠನಾ ನಹೀ. ಪೂರಾ ಖಾನಾ!" ಏಳಬಾರದು, ಪೂರ್ತಿ ಉಣ್ಣಬೇಕೆಂಬ ಅಪ್ಪಣೆ. ಹೊರಗಿನಿಂದ ಯಾರೋ ತಟ್ಟೆ, ತಟ್ಟೆ ಎಂದು ಕೂಗಿದರು. ಹಿಂದೆ ಎಣ್ಣೆ ಡಬ್ಬ ಕಿರಗುಟ್ಟಿತು. ಆಕೆ ಲಟ್ಟಣಿಗೆಯಿಂದ ಬಾಗಿಲಿಗೆ ಒಂದು ಬಡಿದಳು. ಡಬ್ಬ ಸುಮ್ಮನಾಯಿತು. ಆಮೇಲೆ ಬಹಳ ಹೊತ್ತು ಸಾರು ಸೊರ್ ಎನ್ನುವ ಸದ್ದು, ಕೊನೆಗೆ ಬೆರಳಿನಿಂದ ಎಲೆ ಬಳಿಯುವ ಸದ್ದು.

"ಹೋ ಗಯಾ?"

"ಹಾಂ ಮಾಯಿ. ಪೇಟ್ ಭರ್ ಗಯಾ."

ಹೊಟ್ಟೆ ತುಂಬಿತು ಎಂದ ಮಾತಿಗೆ ಕೃಷ್ಣಮ್ಮ ಲಟ್ಟಣಿಗೆ ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಸಿಟ್ಟೇನೂ ಇಳಿದಿರಲಿಲ್ಲ. ತಿರುಗಿ ನೋಡದೆಯೇ ಕನ್ನಡದಲ್ಲಿ ಬೈದಳು:

"ಅವತ್ತೇ ಇಂಗೆ ಉಂಡು ಎದ್ದಿದ್ರೆ ಏನ್ ಗಂಟೋಗ್ತಿತ್ತು ನಿಮ್ಗೆ?"