ಬಡಿಸುವುದು ಮುಗಿಯದ ಊಟ

ಹತ್ತು ಜನ ಒಟ್ಟಿಗೆ ನಮಸ್ಕಾರ ಹೇಳಿದರೆ ನನ್ನ ಬಲಗೈ ತಾನಾಗಿ ಮೇಲೇಳುತ್ತದೆ, ಬಾಯಿ ತಾನಾಗಿ “ಕುಂದರ್ರಿ” ಎನ್ನುತ್ತದೆ. ಸುರಪುರದ ಹುಡುಗರ ಹಾಸ್ಟೆಲಿನಲ್ಲಿ ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದವನಿಗೆ ಇದು ನಿವೃತ್ತಿಯ ನಂತರವೂ ವಾಸಿಯಾಗದ ಕಾಯಿಲೆ. ಮದುವೆ ಮನೆಗಳಲ್ಲಿ ಇದರಿಂದ ತೊಂದರೆಯೇನೂ ಆಗಿಲ್ಲ. ಆದರೆ ಕಳೆದ ವಾರ ಹೈದರಾಬಾದಿನ ಒಂದು ಜಪಾನಿ ಹೋಟೆಲಿನ ಬಾಗಿಲು ದಾಟಿದ ಕೂಡಲೇ ಒಳಗಿದ್ದ ಅಡುಗೆಯವರೆಲ್ಲ ಒಕ್ಕೊರಲಿನಿಂದ ಏನನ್ನೋ ಕೂಗಿದರು. ಬಂದವರನ್ನು ಹೀಗೆ ಕೂಗಿ ಸ್ವಾಗತಿಸುವುದು ಜಪಾನಿನ ಪದ್ಧತಿಯಂತೆ. ನಾನು ಕೈಯೆತ್ತಿ “ಕುಂದರ್ರಿ, ಕುಂದರ್ರಿ” ಎಂದೆ. ಉರಿಯುವ ಕೆಂಡದ ಮುಂದೆ ನಿಂತವರು ಎಲ್ಲಿ ಕೂರಬೇಕು? ಅವರಲ್ಲಿ ಒಬ್ಬಳಿಗೆ ಮಾತ್ರ ನನ್ನ ಮಾತು ಅರ್ಥವಾಯಿತು. ಅವಳು ನನ್ನ ತಮ್ಮನ ಮಗಳು ಮಾಳಮ್ಮ. ನಗು ತಡೆಯಲು ಅವಳು ಹೊಗೆಯ ನೆಪ ಮಾಡಿಕೊಂಡು ಕೆಮ್ಮಿದಳು.

ನಾನು ಅಲ್ಲಿಗೆ ಹೋದದ್ದು ಊಟಕ್ಕಲ್ಲ, ತಪಾಸಣೆಗೆ. ತಮ್ಮ ನಿಂಗಪ್ಪ ಹತ್ತಿಕುಣಿಯಲ್ಲಿ ಕುರಿ ಸಾಕಿಕೊಂಡಿದ್ದಾನೆ. ಮಗಳು ಅಡುಗೆಯ ಕೋರ್ಸ್ ಮುಗಿಸಿ ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿದಾಗ ಊರೆಲ್ಲ ಹೇಳಿಕೊಂಡು ತಿರುಗಿದವನು ಅವನೇ. ಎಂಟು ತಿಂಗಳಾದ ಮೇಲೆ ಯಾರೋ ಪುಣ್ಯಾತ್ಮರು, “ನಿನ್ನ ಮಗಳು ಇರೋದು ಕುಡಿಯೋ ಜಾಗದಾಗ” ಎಂದು ಅವನ ಕಿವಿಗೆ ಹಾಕಿದರು. ಮರುದಿನವೇ ಶಹಾಪುರದ ನಮ್ಮ ಮನೆಗೆ ಬಂದ ನಿಂಗಪ್ಪ, ಕೊಟ್ಟ ಚಹಾ ಮುಟ್ಟದೆ ಹೇಳಿದ:

“ಯಣ್ಣಾ, ನೀ ಹೋಗಿ ಕಣ್ಣಾರೆ ನೋಡ್ಕೊಂಡ್ ಬಾ. ನೀ ಹೂಂ ಅಂದ್ರ ಇರ್ಲಿ. ಬ್ಯಾಡ ಅಂದ್ರ ಸೋಮವಾರ ಹೋಗಿ ಗಂಟುಮೂಟಿ ಸಮೇತ ಕರ್ಕೊಂಡ್ ಬರ್ತೀನಿ.”

“ಕರದ್ರ ಅಕಿ ಬರ್ತಾಳೇನು?”

“ನಿನ್ನ ಹೆಸರು ಹೇಳಿದ್ರ ಬರ್ತಾಳ. ನಿನಗ ಅಂಜದವ್ರು ಈ ಜಿಲ್ಲಾದಾಗ ಯಾರದಾರ?”

ಇದು ಹೊಗಳಿಕೆಯೋ ಬೈಗುಳವೋ ನಾನಿನ್ನೂ ತೀರ್ಮಾನಿಸಿಲ್ಲ. ಮಾಳಮ್ಮನಿಗೆ ಫೋನು ಮಾಡಿದೆ. ಅವಳಿಗೆ ವಿಷಯವೆಲ್ಲ ಗೊತ್ತಿತ್ತು. “ಬಾ ದೊಡ್ಡಪ್ಪಾ. ಆದ್ರ ಹೊಟ್ಟಿ ಹಸ್ಕೊಂಡ್ ಬಾ. ಬರೇ ಕಣ್ಣಿಲೆ ನೋಡಿ ಹೋಗಬ್ಯಾಡ” ಎಂದಳು. ದನಿಯಲ್ಲಿ ಪರೀಕ್ಷೆಗೆ ಕೂರುವವರ ನಡುಕವಿತ್ತು. ಅದು ನನಗೆ ಚೆನ್ನಾಗಿ ಪರಿಚಯವಿರುವ ನಡುಕ.

ತಪಾಸಣೆಗೆ ಹೋಗುವವನು ತಯಾರಾಗಿ ಹೋಗಬೇಕು. ಗುರುಮಠಕಲ್ ಮಾರ್ಗದ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಓದಿಕೊಂಡೆ. ಈ ಬಗೆಯ ಹೋಟೆಲಿಗೆ ಇಝಾಕಾಯ ಎನ್ನುತ್ತಾರೆ. ಹಿಂದಿನ ಕಾಲದಲ್ಲಿ ಜಪಾನಿನ ಜನ ಮದ್ಯದ ಅಂಗಡಿಗೆ ಹೋಗಿ ಕೊಂಡು ಮನೆಗೆ ಒಯ್ಯುತ್ತಿದ್ದರಂತೆ. ಕೆಲವರು ಮನೆಗೆ ಹೋಗಲು ಬೇಸರವಾಗಿ ಅಲ್ಲೇ ಕೂತರು. ಕೂತವರಿಗೆ ಬಾಯಾಡಿಸಲು ಅಂಗಡಿಯವನು ಏನಾದರೂ ಸುಟ್ಟು ಕೊಟ್ಟ. ಮನೆಗೆ ಹೋಗಲು ಬೇಸರಪಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ, ಅವರಿಂದ ಇಂಥ ಪಾಕಶಾಸ್ತ್ರ ಹುಟ್ಟಿದ್ದು ಮಾತ್ರ ಜಪಾನಿನಲ್ಲಿ. ನಿಂಗಪ್ಪನಿಗೆ ಬಂದ ಸುದ್ದಿ ಸುಳ್ಳಲ್ಲ ಎಂಬುದೂ ಇದರಿಂದ ಖಚಿತವಾಯಿತು. ನನ್ನ ಮನಸ್ಸು ಅರ್ಧ ದಾರಿಯಲ್ಲೇ ‘ಬೇಡ’ದ ಕಡೆಗೆ ವಾಲಿತ್ತು.

ನಾನು ಸಂಜೆ ಏಳಕ್ಕೆ ಉಣ್ಣುವ ಮನುಷ್ಯ. ಅವರು ಬಾಗಿಲು ತೆರೆಯುವುದೂ ಏಳಕ್ಕೇ. ಇದೊಂದು ಅವರ ಪರವಾಗಿ ಬರೆದುಕೊಂಡೆ. ಒಳಗೆ ಕೆಂಡದ ಒಲೆಯ ಎದುರು ಉದ್ದನೆಯ ಹಲಗೆ, ಹಲಗೆಯ ಮುಂದೆ ಸಾಲಾಗಿ ಪೀಠಗಳು. ಮಾಲೀಕ ಜಪಾನಿನಲ್ಲಿ ಅಡುಗೆ ಕಲಿತು ಬಂದ ಹೈದರಾಬಾದಿನವನು, ಗಡ್ಡದ ಮನುಷ್ಯ. ತಾನೇ ಬಂದು ನನ್ನನ್ನು ಮಾಳಮ್ಮನ ಎದುರಿನ ಪೀಠದಲ್ಲಿ ಕೂರಿಸಿದ.

ಈಗ ಒಂದು ಮಾತು ಹೇಳಬೇಕು. ನಮ್ಮ ಕಡೆ ಸಾಲಾಗಿ ಕೂತರೆಂದರೆ ಅದು ಪಂಕ್ತಿ. ಪಂಕ್ತಿಗೆ ಕಾಯಿದೆಯಿದೆ. ಉಪ್ಪಿನಿಂದ ಹಿಡಿದು ಕಡೆಯ ಸಾರಿನವರೆಗೆ ಎಲ್ಲವೂ ಎಲ್ಲರ ಎಲೆಗೂ ಬಿದ್ದು, ಹಿರಿಯರು ಹೂಂ ಅನ್ನುವ ತನಕ ಯಾರೂ ಕೈ ಹಾಕುವಂತಿಲ್ಲ. ಕೊಡೇಕಲ್ಲಿಗೆ ಬರುವ ಭಕ್ತರೂ ಪ್ರಸಾದದ ಸಾಲಿನಲ್ಲಿ ಹಾಗೇ ಕೂರುತ್ತಾರೆ. ನಮ್ಮ ಹಾಸ್ಟೆಲಿನಲ್ಲಂತೂ ಇನ್ನೂರು ತಟ್ಟೆ ತುಂಬಿದ ಮೇಲೆ ನಾನು ಗಂಟೆ ಬಾರಿಸುತ್ತಿದ್ದೆ. ಗಂಟೆಗೆ ಮೊದಲು ಬೆರಳಿನಲ್ಲಿ ಉಪ್ಪಿನಕಾಯಿ ನೆಕ್ಕಿದವನೊಬ್ಬನನ್ನು ವಾರವಿಡೀ ಸಾಲಿನ ಕೊನೆಗೆ ಕೂರಿಸಿದ್ದೆ. ಅವನು ಈಗ ತಾಲೂಕು ಕಚೇರಿಯಲ್ಲಿ ಗುಮಾಸ್ತ. ನನ್ನನ್ನು ಕಂಡರೆ ಇಂದಿಗೂ ಊಟದ ಡಬ್ಬಿ ಮುಚ್ಚುತ್ತಾನೆ.

ಮೊದಲು ಸಣ್ಣ ಬಟ್ಟಲಿನಲ್ಲಿ ಎಳ್ಳು ಹಚ್ಚಿದ ನಾಲ್ಕು ಹೋಳು ಸೌತೆಕಾಯಿ ಬಂತು. ಕೋಸಂಬರಿ ಎಂದುಕೊಂಡೆ. ಕೈ ತೊಡೆಯ ಮೇಲಿಟ್ಟು ಕೂತೆ. ಆಮೇಲೆ ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ ಬಂತು. ಕೂತೆ. ಹಿಟ್ಟು ಸವರಿ ಗರಿಗರಿಯಾಗಿ ಕರಿದ ಎಲೆ ಬಂತು. ನೋಡಿದರೆ ನಮ್ಮ ಪುಂಡಿಪಲ್ಲೆಯ ಎಲೆ! ಅದನ್ನು ಬೇಳೆಯಲ್ಲಿ ಬೇಯಿಸಿದ್ದು ಬಿಟ್ಟು ಬೇರೆ ರೂಪದಲ್ಲಿ ನಾನು ಕಂಡಿರಲಿಲ್ಲ. ಬಾಯಲ್ಲಿ ನೀರೂರಿತು. ಆದರೂ ಕೂತೆ. ಜೋಳದ ನುಚ್ಚಿನ ಪುಟ್ಟ ಉಂಡೆ, ಅದರ ಬೆನ್ನ ಮೇಲೆ ಮಲಗಿದ ಮೀನಿನ ಹೋಳು ಬಂತು. ಹೊಗೆಯಾಡುವ ಸಾರು ಬಂತು. ಸಾರು ಬಂದರೆ ಬಡಿಸುವುದು ಮುಗಿದಂತೆ ಎಂದು ಬೆನ್ನು ನೆಟ್ಟಗೆ ಮಾಡಿದೆ. ಅದರ ಹಿಂದೆಯೇ ಇನ್ನೊಂದು ಕಡ್ಡಿ ಬಂತು. ಇಂಥ ಅಡ್ಡಾದಿಡ್ಡಿ ಬಡಿಸುವಿಕೆಯನ್ನು ನನ್ನ ಕೈಕೆಳಗಿನ ಅಡುಗೆಯವನು ಮಾಡಿದ್ದರೆ ನೋಟಿಸು ಕೊಡುತ್ತಿದ್ದೆ.

ಮಾಲೀಕ ಬಂದು ಬಾಗಿ, ಹಿಡಿಸಲಿಲ್ಲವೇ ಎಂದು ಕೇಳಿದ, “ಕ್ಯಾ ಸಾಬ್, ಪಸಂದ್ ನೈ ಆಯಾ?”

“ಅಬೀ ಟೈಮ್ ನೈ ಹುವಾ” ಎಂದೆ, ಇನ್ನೂ ಹೊತ್ತಾಗಿಲ್ಲ ಎಂದು.

ಅವನು ತನ್ನ ಗಡಿಯಾರ ನೋಡಿಕೊಂಡು, ನನ್ನ ಮುಖ ನೋಡಿ, ಹೋಗಿ ಮಾಳಮ್ಮನ ಕಿವಿಯಲ್ಲಿ ಹೇಳಿದ. ಅವಳ ಮುಖ ಬಾಡಿತು. ಬಗ್ಗಿ ಇನ್ನೂ ಜೋರಾಗಿ ಬೀಸಣಿಗೆ ಬೀಸಿದಳು. ಇನ್ನೆರಡು ತಟ್ಟೆ ಬಂದವು. ಈಗ ನನ್ನ ಮುಂದೆ ಎಂಟು ಪದಾರ್ಥ ಆರಿ ತಣ್ಣಗಾಗಿದ್ದವು. ಪೀಠಗಳೆಲ್ಲ ತುಂಬಿದ್ದವು. ಪಕ್ಕದವರು ಬಂದದ್ದನ್ನು ಬಂದ ಹಾಗೆ ಬಾಯಿಗೆ ಹಾಕುತ್ತಿದ್ದರು. ನಗರದವರಿಗೆ ಶಿಸ್ತಿಲ್ಲ ಎಂದು ಮರುಗಿದೆ.

ಕೊನೆಗೆ ಮಾಳಮ್ಮ ಒಲೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೊರಗೆ ಬಂದಳು. ಕಣ್ಣಲ್ಲಿ ನೀರು. ಈ ಸಲ ಹೊಗೆಯ ನೆಪವೂ ಇರಲಿಲ್ಲ.

“ದೊಡ್ಡಪ್ಪಾ, ಬ್ಯಾಡ ಅನ್ನೋದಿದ್ರ ಅನ್ನು. ಸೋಮವಾರ ತನಕ ಕಾಯಬ್ಯಾಡ, ಈಗೇ ಬರ್ತೀನಿ. ಆದ್ರ ಒಂದ್ ತುತ್ತಾದ್ರೂ ತಿಂದು ಬ್ಯಾಡ ಅನ್ನು. ನಾ ಮಾಡಿದ್ದು ಮುಟ್ಟಾಕೂ ಒಲ್ಲೆಯೇನು?”

“ಯಾರಂದ್ರು ಒಲ್ಲೆ ಅಂತ? ಬಡಸೋದು ಮುಗೀಲಿ ಅಂತ ಕುಂತೀನಿ. ಇನ್ನೂ ಎಷ್ಟದಾವವ್ವಾ?”

ಮಾಳಮ್ಮ ನನ್ನನ್ನೂ ಸಾಲಾಗಿ ಆರಿದ್ದ ತಟ್ಟೆಗಳನ್ನೂ ನೋಡಿದಳು. ಆಮೇಲೆ ಹಲಗೆ ಹಿಡಿದುಕೊಂಡು ನಕ್ಕಳು ನೋಡಿ, ಒಲೆಯ ಮುಂದಿದ್ದವರು ತಿರುಗಿ ನೋಡಿದರು. “ದೊಡ್ಡಪ್ಪಾ, ಇಲ್ಲಿ ಬಡಸೋದು ಮುಗಿಯಂಗೇ ಇಲ್ಲೋ! ನೀ ತಿನಕೋತ ಹೋಗು, ನಾ ಕೊಡಕೋತ ಹೋಗ್ತೀನಿ. ನೀ ಏಳೋತನಕ ಬರಾಕತ್ತೇ ಇರ್ತಾವ.”

ಆರಿದ್ದನ್ನೆಲ್ಲ ಒಳಗೊಯ್ದು ಮತ್ತೆ ಬಿಸಿ ಮಾಡಿ ತಂದಳು. ತಿಂದೆ. ಕುರಿಯ ಲಿವರನ್ನು, ನಮ್ಮ ಕಡೆ ಕಲೇಜಿ ಅನ್ನುವುದನ್ನು, ಕಡ್ಡಿಗೆ ಚುಚ್ಚಿ ಸುಟ್ಟು, ಮೇಲೆ ಗುರೆಳ್ಳಿನ ಹಿಂಡಿ, ಅಂದರೆ ಚಟ್ನಿಪುಡಿ, ಉದುರಿಸಿದ್ದಳು. ರಾತ್ರಿ ಹೊಲದಲ್ಲಿ ಕುರಿ ತರುಬಿ ಕೂಡಿಹಾಕಿದಾಗ ನಮ್ಮಪ್ಪ ಕೆಂಡದಲ್ಲಿ ಸುಟ್ಟು ಕೊಡುತ್ತಿದ್ದದ್ದೂ ಇದೇ. ಅವನಿಗೆ ಇಝಾಕಾಯ ಗೊತ್ತಿರಲಿಲ್ಲ, ಬಿದಿರಿನ ಕಡ್ಡಿಯ ಬದಲು ಸೈಕಲ್ಲಿನ ಹಳೆಯ ಕಡ್ಡಿ ಇತ್ತು, ಅಷ್ಟೇ ವ್ಯತ್ಯಾಸ.

ತಿನ್ನುತ್ತಾ ತಪಾಸಣೆ ಮುಂದುವರಿಸಿದೆ. ಒಲೆಯ ಮೇಲೆ ಇಪ್ಪತ್ತು ಕಡ್ಡಿ. ಯಾವುದನ್ನು ಯಾವಾಗ ತಿರುವಬೇಕು, ಯಾವುದು ಯಾರಿಗೆ ಹೋಗಬೇಕು, ಎಲ್ಲ ಅವಳ ತಲೆಯಲ್ಲಿ. ವೇಳಾಪಟ್ಟಿಯಿಲ್ಲ, ಗಂಟೆಯಿಲ್ಲ, ಒಂದೂ ಸೀಯಲಿಲ್ಲ. ಸಾಲಿನ ಕೊನೆಯಲ್ಲಿದ್ದವನೊಬ್ಬ ಮೂರನೆಯ ಗ್ಲಾಸಿನ ನಂತರ ಎದ್ದು ನಿಂತು ದನಿಯೇರಿಸಿದ. ಮಾಳಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಕೈಯಲ್ಲಿದ್ದ ಚಿಮಟದಿಂದ ಪೀಠ ತೋರಿಸಿದಳು. ಅವನು ಕೂತ. ಮಾತೇ ಆಡದೆ ಕೂರಿಸಿದಳು! ನಾನು ಮೂವತ್ತೊಂದು ವರ್ಷ ‘ಕುಂದರ್ರಿ’ ಎಂದು ಗಂಟಲು ಹರಿದುಕೊಂಡವನು.

ಬೆಳಿಗ್ಗೆ ಆರಕ್ಕೆ ಬಸ್ ನಿಲ್ದಾಣದಿಂದ ನಿಂಗಪ್ಪನಿಗೆ ಫೋನು ಮಾಡಿದೆ.

“ಕುಡಿಯೋರು ಅದಾರೇನಣ್ಣಾ?”

“ಅದಾರ. ಸುಳ್ಳ್ಯಾಕ ಹೇಳ್ಲಿ.”

ಫೋನಿನಲ್ಲಿ ಕುರಿಗಳು ಅರಚುವುದು ಕೇಳುತ್ತಿತ್ತು.

“ಹಂಗಾರ ಕರ್ಕೊಂಡ್ ಬರ್ಲೇನು?”

“ಬ್ಯಾಡ. ಸೋಮವಾರ ನೀ ಬಂದು ಉಂಡು ಹೋಗು. ಆ ಸಾಲಿನಾಗ ಅಂಜಬೇಕಾದೋರು ಕುಡಿಯೋರೇ, ನಿನ್ನ ಮಗಳಲ್ಲ.”

“ಕುರಿ ಯಾರು ನೋಡ್ಕೋತಾರ?”

“ನಾ ಬರ್ತೀನಿ” ಎಂದುಬಿಟ್ಟೆ.

ಹೀಗಾಗಿ ನಿಂಗಪ್ಪ ಈಗ ಹೈದರಾಬಾದಿನಲ್ಲಿದ್ದಾನೆ. ಒಂದು ದಿನಕ್ಕೆಂದು ಹೋದವನು ಮೂರು ದಿನವಾದರೂ ಎದ್ದು ಬಂದಿಲ್ಲ. ಇದನ್ನು ನಾನು ಹತ್ತಿಕುಣಿಯ ಕೆರೆಯ ದಂಡೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮೇಯಿಸಲು ಸರಿಯಾದ ಸಮಯ ಎಂಟು ಗಂಟೆ ಎಂದು ನಿಶ್ಚಯಿಸಿ ಗಡಿಯಾರ ಕಟ್ಟಿಕೊಂಡೇ ಬಂದಿದ್ದೆ. ಎಂಟಾಗಲು ಇನ್ನೂ ಹತ್ತು ನಿಮಿಷವಿದೆ. ಕುರಿಗಳು ಆಗಲೇ ಅರ್ಧ ಹೊಟ್ಟೆ ತುಂಬಿಸಿಕೊಂಡು ಆಚೆ ದಿನ್ನೆ ಹತ್ತಿವೆ, ನಾನು ಪುಸ್ತಕ ಮುಚ್ಚಿ ಅವುಗಳ ಹಿಂದೆ ಓಡಬೇಕಾಗಿದೆ.